ಉಕ್ಕಿನ ಮೇಲಿನ ಸಹಿ: ಕರಾವಳಿಯ ಕಥೊಲಿಕ ಕುಟುಂಬಗಳ ಕೊಲ್ಲಿ ಚರಿತ್ರೆಯ ಒಂದು ಪುಟ

ನಮ್ಮ ಹಿರಿಯ ಸದಸ್ಯರ ಕುಟುಂಬಗಳು ವರ್ಷಕ್ಕೆ ಒಂದೆರಡರಂತೆ ಊರಿಗೆ ಮರಳುತ್ತಿವೆ. ಬೀಳ್ಕೊಡುಗೆಯ ಸಂಜೆ ಶಾಲು ಹೊದಿಸಿ, ಫಲಪುಷ್ಪ ಕೊಟ್ಟು ಕಳುಹಿಸುತ್ತೇವೆ. ಆದರೆ ಅವರು ಇಲ್ಲಿ ಮೂವತ್ತು ವರ್ಷ ಏನು ಮಾಡಿದರೆಂದು ನಮ್ಮ ಮಕ್ಕಳು ಕೇಳಿದರೆ, 'ಸ್ಟೀಲ್ ಇನ್‌ಸ್ಪೆಕ್ಟರ್ ಆಗಿದ್ದರು' ಎಂಬಲ್ಲಿಗೆ ನಮ್ಮ ಉತ್ತರ ಮುಗಿಯುತ್ತದೆ. ಆ ಎರಡು ಪದಗಳ ಹಿಂದಿರುವ ಬದುಕನ್ನು ದಾಖಲಿಸುವ ಸಣ್ಣ ಪ್ರಯತ್ನವಿದು.

ಮಂಗಳೂರು ಸೀಮೆಯ ಕಥೊಲಿಕರಿಗೆ ಲೋಹದ ಕೆಲಸ ಹೊಸತಲ್ಲ. 19ನೆಯ ಶತಮಾನದಲ್ಲಿಯೇ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು (1865), ಬಳಿಕ ಯಂತ್ರಗಳ ಕಾರ್ಯಾಗಾರವನ್ನು ತೆರೆದಿತ್ತು. ಜೆಪ್ಪುವಿನ ಸಂತ ಜೋಸೆಫರ ಕಾರ್ಯಾಗಾರದಲ್ಲಿ ಬಡ ಹುಡುಗರು ಮರಗೆಲಸ, ಎರಕಗೆಲಸಗಳನ್ನು ಕಲಿತರು. 1946ರಲ್ಲಿ ಕರ್ನಾಟಕ ಪಾಲಿಟೆಕ್ನಿಕ್, 1960ರಲ್ಲಿ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಬಂದವು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪ್ರಾರ್ಥನೆಯ ಪುಸ್ತಕದಲ್ಲಿ ಕನ್ನಡ ಲಿಪಿಯ ಕೊಂಕಣಿ: ಹೀಗೆ ಬೆಳೆದ ತರುಣರಿಗೆ ಬೊಂಬಾಯಿಯ ಹಡಗುಕಟ್ಟೆ, ಕಾರ್ಖಾನೆಗಳು ಮೊದಲ ಮೆಟ್ಟಿಲಾದರೆ ಕೊಲ್ಲಿ ಎರಡನೆಯದಾಯಿತು.

ಅಬುಧಾಬಿಯ ಸಮುದ್ರದಡಿಯಲ್ಲಿ ತೈಲ ಸಿಕ್ಕಿದ್ದು 1958ರಲ್ಲಿ. ದಾಸ್ ದ್ವೀಪದಿಂದ ಮೊದಲ ರಫ್ತು 1962ರಲ್ಲಿ. ಆಗ ಈ ತೀರದಲ್ಲಿ ನಡೆಯುತ್ತಿದ್ದ ಹಣ ನಮ್ಮ ರಿಸರ್ವ್ ಬ್ಯಾಂಕು 1959ರಲ್ಲಿ ಹೊರಡಿಸಿದ 'ಗಲ್ಫ್ ರುಪಾಯಿ' ಎಂಬುದು ಇಂದಿನ ಮಕ್ಕಳಿಗೆ ಅಚ್ಚರಿ ತಂದೀತು. ದುಬೈಯಲ್ಲಿ 1966ರಲ್ಲಿ ತೈಲ ದೊರೆಯಿತು. 1971ರ ಡಿಸೆಂಬರ್ 2ರಂದು ಒಕ್ಕೂಟ ಹುಟ್ಟಿತು. 1972ರಲ್ಲಿ ರಶೀದ್ ಬಂದರು, 1979ರಲ್ಲಿ ಜಬಲ್ ಅಲಿ ಬಂದರು ಸಿದ್ಧವಾದವು. ಬಂದರು, ಕೊಳವೆಮಾರ್ಗ, ತೈಲಟ್ಯಾಂಕು, ಸೇತುವೆ, ಗೋಪುರ ಎಲ್ಲವೂ ಬೇಡಿದ್ದು ಉಕ್ಕನ್ನು. ಉಕ್ಕು ಬಂದಲ್ಲಿಗೆ ಅದನ್ನು ಪರೀಕ್ಷಿಸುವವನೂ ಬರಲೇಬೇಕಾಯಿತು.

ಅವನ ಕೆಲಸವೇನು? ಉಕ್ಕಿನ ಪ್ರತಿಯೊಂದು ತುಂಡಿಗೂ ಒಂದು ಜಾತಕವಿರುತ್ತದೆ. ಯಾವ ಕುಲುಮೆಯ ಯಾವ ಎರಕದಿಂದ ಬಂದಿತೆಂಬ 'ಹೀಟ್ ನಂಬರ್' ಅದರ ಮೇಲೆ ಅಚ್ಚಾಗಿರುತ್ತದೆ. ಅದನ್ನು ಕಾರ್ಖಾನೆಯ ಪ್ರಮಾಣಪತ್ರದೊಡನೆ ತಾಳೆ ನೋಡುವುದರಿಂದ ದಿನ ಆರಂಭ. ಬಳಿಕ ಬೆಸುಗೆಯ ಪರೀಕ್ಷೆ: ಅಂಚು ಕೊರೆದಿದೆಯೇ, ಒಳಗೆ ಗಾಳಿಗುಳ್ಳೆ ಉಳಿದಿದೆಯೇ, ಕೂದಲೆಳೆಯ ಬಿರುಕಿದೆಯೇ? ಕಣ್ಣಿಗೆ ಕಾಣದ್ದನ್ನು ಬಣ್ಣದ ದ್ರಾವಣದಿಂದ, ಕಾಂತದ ಪುಡಿಯಿಂದ, ಶ್ರವಣಾತೀತ ತರಂಗದಿಂದ, ಎಕ್ಸ್-ರೇಯಿಂದ ಹುಡುಕಬೇಕು. ಈ ತೀರದ ಉಪ್ಪುಗಾಳಿ, ಉಪ್ಪುಮಣ್ಣು ಕಬ್ಬಿಣದ ವೈರಿಗಳಾದ್ದರಿಂದ ಬಣ್ಣದ ಲೇಪದ ದಪ್ಪವನ್ನೂ ಅಳೆಯಬೇಕು. ಕಾಂಕ್ರೀಟು ಸುರಿಯುವ ಮುನ್ನ ಕಟ್ಟಿದ ಸರಳುಗಳನ್ನು ಎಣಿಸಿ ಒಪ್ಪಿಗೆ ಕೊಡುವವನೂ ಇನ್‌ಸ್ಪೆಕ್ಟರನೇ. ಬೇಸಿಗೆಯಲ್ಲಿ ಹಗಲಿನ ಕಾವಿಗೆ ಅಂಜಿ ಕಾಂಕ್ರೀಟನ್ನು ರಾತ್ರಿ ಸುರಿಯುವುದುಂಟು. ಆಗ ಅವನ ಹಗಲು-ರಾತ್ರಿಗಳು ಅದಲುಬದಲಾಗುತ್ತವೆ.

ಇಲ್ಲಿಯೇ ಅವನ ಧರ್ಮಸಂಕಟವೂ ಇದೆ. ದೋಷ ಕಂಡ ಬೆಸುಗೆಗೆ ಗುರುತು ಹಾಕಿದರೆ ಅದನ್ನು ಕೊರೆದು ತೆಗೆದು ಮತ್ತೆ ಬೆಸೆಯಬೇಕು. ಕೆಲಸ ನಿಲ್ಲುತ್ತದೆ, ಗುತ್ತಿಗೆದಾರ ಸಿಡಿಮಿಡಿಗೊಳ್ಳುತ್ತಾನೆ. 'ಈ ಸಲ ಸಹಿ ಹಾಕಿ, ಮುಂದಿನ ಸಲ ನೋಡೋಣ' ಎಂಬ ಮಾತನ್ನು ಕೇಳದ ಇನ್‌ಸ್ಪೆಕ್ಟರ್ ನಮ್ಮ ಹಿರಿಯರಲ್ಲಿ ಯಾರೂ ಇರಲಾರರು. ಆ ಸಹಿಯ ಒಂದು ಬದಿಯಲ್ಲಿ ಕಾಣದ ಜನರ ಪ್ರಾಣ, ಇನ್ನೊಂದು ಬದಿಯಲ್ಲಿ ತನ್ನದೇ ನೌಕರಿ. ನೌಕರಿಯೊಡನೆ ವೀಸಾ, ವೀಸಾದೊಡನೆ ಹೆಂಡತಿ-ಮಕ್ಕಳ ಇಲ್ಲಿನ ವಾಸ. ನಿಗದಿತ ಸಂಬಳವಿದ್ದವನಿಗೆ ಮಾತ್ರ ಕುಟುಂಬವನ್ನು ಕರೆತರುವ ಅನುಮತಿ ಇದ್ದುದರಿಂದ, ಸಾಮಾನ್ಯ ಬೆಸುಗೆಗಾರನಾಗಿ ಬಂದು, ರಾತ್ರಿ ಓದಿ, ಪರೀಕ್ಷೆ ಪಾಸು ಮಾಡಿ ಇನ್‌ಸ್ಪೆಕ್ಟರನಾಗುವುದೆಂದರೆ ಸಂಸಾರವನ್ನು ಮರಳಿ ಪಡೆಯುವುದೆಂದೇ ಅರ್ಥ. ಹಾಗೆ ಪಡೆದದ್ದನ್ನು ಪಣಕ್ಕಿಟ್ಟು 'ಸಹಿ ಹಾಕಲಾರೆ' ಎನ್ನುವುದು ಸುಲಭದ ಮಾತಲ್ಲ.

ಆ ಬಲ ಎಲ್ಲಿಂದ ಬಂದಿತೆಂದು ಕೇಳಿದರೆ ಅನೇಕರು ಮನೆಯತ್ತ, ಇಗರ್ಜಿಯತ್ತ ಬೆರಳು ತೋರುತ್ತಾರೆ. ಅಬುಧಾಬಿಯಲ್ಲಿ ಸಂತ ಜೋಸೆಫರ ದೇವಾಲಯ 1965ರಲ್ಲಿ, ದುಬೈಯಲ್ಲಿ ಶೇಖ್ ರಶೀದರು ನೀಡಿದ ಭೂಮಿಯಲ್ಲಿ ಸಂತ ಮೇರಿಯ ದೇವಾಲಯ 1967ರಲ್ಲಿ ತೆರೆದವು. ಸಂತ ಜೋಸೆಫರು ಸ್ವತಃ ಬಡಗಿ, ಕೆಲಸಗಾರರ ಪಾಲಕ. ಉಕ್ಕಿನವರಿಗೆ ಇದಕ್ಕಿಂತ ಆಪ್ತನಾದ ಸಂತನಿಲ್ಲ. ವಾರದ ರಜೆ ಶುಕ್ರವಾರವಾಗಿದ್ದುದರಿಂದ ಭಾನುವಾರದ ಪೂಜೆಯ ಬಾಧ್ಯತೆಯನ್ನು ಶುಕ್ರವಾರವೇ ತೀರಿಸುವ ವಾಡಿಕೆ ದಶಕಗಳ ಕಾಲ ನಡೆಯಿತು. 2022ರಲ್ಲಿ ವಾರಾಂತ್ಯ ಬದಲಾದ ಮೇಲಷ್ಟೇ ಭಾನುವಾರ ಬಿಡುವಿನ ದಿನವಾಯಿತು. ಸಂಜೆ ಕರಾಮಾದ ಹಂಚಿಕೊಂಡ ಫ್ಲ್ಯಾಟಿನ ಒಂದು ಕೋಣೆಯಲ್ಲಿ ಮನೆಮಂದಿಯ ತೇರ್ಸ್, ಸೆಪ್ಟೆಂಬರ್ 8ರಂದು ಮೊಂತಿ ಹಬ್ಬದ ತೆನೆ; ಇವು ತಪ್ಪಲಿಲ್ಲ. 2019ರ ಫೆಬ್ರವರಿ 5ರಂದು ಪೋಪ್ ಫ್ರಾನ್ಸಿಸರು ಅಬುಧಾಬಿಯ ಝಾಯೆದ್ ಕ್ರೀಡಾಂಗಣದಲ್ಲಿ ಬಲಿಪೂಜೆ ಅರ್ಪಿಸಿದಾಗ ನೆರೆದ ಜನಸಾಗರದಲ್ಲಿ ಈ ಕುಟುಂಬಗಳೂ ಇದ್ದವು.

ಊರಿನ ದಾರಿಯೂ ಬೆಲೆ ಕೇಳದೆ ಬಿಡಲಿಲ್ಲ. ಬೊಂಬಾಯಿ-ಕೊಲ್ಲಿ ಮಾರ್ಗದ 'ದಾರಾ' ಹಡಗು 1961ರ ಏಪ್ರಿಲಿನಲ್ಲಿ ದುಬೈ ಸಮೀಪ ಸ್ಫೋಟಗೊಂಡು 238 ಮಂದಿ ಮಡಿದರು. 2006ರಲ್ಲಿ ಮಂಗಳೂರಿಗೆ ನೇರ ವಿಮಾನ ಬಂದಾಗ ಬೊಂಬಾಯಿ ಸುತ್ತುವ ಕಷ್ಟ ತೀರಿತೆಂದು ನಾವೆಲ್ಲ ಹಿಗ್ಗಿದ್ದೆವು. ಆ ವಿಮಾನಗಳಲ್ಲೊಂದು 2010ರ ಮೇ 22ರ ಬೆಳಗ್ಗೆ ಬಜ್ಪೆಯಲ್ಲಿ ಕಣಿವೆಗುರುಳಿ 158 ಮಂದಿ ಅಸುನೀಗಿದರು. ಉಳಿದವರು ಎಂಟೇ ಮಂದಿ. ಆ ದಿನ ಇಲ್ಲಿ ಫೋನು ಬಾರಿಸದ ಕರಾವಳಿಯ ಮನೆ ಇರಲಿಲ್ಲ.

ಅದೇ ವರ್ಷದ ಜನವರಿ 4ರಂದು 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಉದ್ಘಾಟನೆಯಾಗಿತ್ತು. ಅದರ ಕಾಂಕ್ರೀಟಿನೊಳಗೆ ಸುಮಾರು 39,000 ಟನ್ ಸರಳು ಅಡಗಿದೆ. ತುದಿಯ ಶಿಖರಕ್ಕೇ 4,000 ಟನ್‌ಗೂ ಮಿಕ್ಕಿದ ಉಕ್ಕು. ಜಗತ್ತು ಶಿಲ್ಪಿಯ ಹೆಸರನ್ನು ಬಲ್ಲದು, ಒಡೆಯರ ಹೆಸರನ್ನು ಬಲ್ಲದು. ಇಂಥ ಕಟ್ಟಡಗಳ ಒಂದೊಂದು ಕಂತೆ ಸರಳನ್ನು ಎಣಿಸಿ ಸಹಿ ಹಾಕಿದವರ ಹೆಸರು ಎಲ್ಲಿಯೂ ಕೆತ್ತಿಲ್ಲ. ಒಳ್ಳೆಯ ತಪಾಸಣೆಯ ಗುರುತೇ ಅದು: ಏನೂ ಸಂಭವಿಸುವುದಿಲ್ಲ. ಸೇತುವೆ ನಿಂತಿರುತ್ತದೆ, ಜನ ದಾಟುತ್ತಿರುತ್ತಾರೆ, ಯಾರೂ ಅದನ್ನು ನೆನೆಯುವುದಿಲ್ಲ.

ಆದ್ದರಿಂದ ನೆನೆಯುವ ಹೊಣೆ ನಮ್ಮದು. ಇತ್ತೀಚೆಗೆ ನಿವೃತ್ತರಿಗೆ ಪ್ರತ್ಯೇಕ ವೀಸಾ ಬಂದಿದ್ದರೂ ಅದಕ್ಕೆ ಬೇಕಾದ ಆಸ್ತಿ-ಆದಾಯ ಎಲ್ಲರಿಗಿಲ್ಲ. ಮನೆ ಖಾಲಿಯಾಗುವಾಗ ಹಳೆಯ ತಪಾಸಣಾ ಪುಸ್ತಕ, ಗುರುತಿನ ಚೀಟಿ, ಸುತ್ತಿಗೆ-ಭೂತಗನ್ನಡಿಗಳು ಕಸದ ಡಬ್ಬಿ ಸೇರುತ್ತಿವೆ. ಸದಸ್ಯ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೇ: ಅವನ್ನು ಎಸೆಯುವ ಮುನ್ನ ಅಪ್ಪನನ್ನೋ ಅಜ್ಜನನ್ನೋ ಕಾರಿನಲ್ಲಿ ಕೂರಿಸಿಕೊಂಡು ನಗರದಲ್ಲಿ ಒಂದು ಸುತ್ತು ಬನ್ನಿ. 'ಇದರಲ್ಲಿ ನಿಮ್ಮ ಸಹಿ ಇರುವುದು ಎಲ್ಲಿ?' ಎಂದು ಕೇಳಿ. ಅವರು ಹೇಳಿದ್ದನ್ನು ಬರೆದು ನಮಗೆ ಕಳುಹಿಸಿ.