ತಿ. ನರಸೀಪುರದ ಫಿಲೇಚರ್: ರೇಷ್ಮೆ ನೂಲು ಬಿಚ್ಚಾಣಿಕೆಯ ಕೌಶಲದ ಇತಿಹಾಸ

ತಿ. ನರಸೀಪುರದ ಫಿಲೇಚರ್ (ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆ) ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಘಟಕ. ಇಲ್ಲಿಯ ಕಚ್ಚಾ ರೇಷ್ಮೆ ಮೈಸೂರಿನ ನೇಯ್ಗೆ ಕಾರ್ಖಾನೆಯಲ್ಲಿ ಸೀರೆಯಾಗುತ್ತದೆ. ಜನಪ್ರಿಯ ಬರಹಗಳು ಮೈಸೂರು ರೇಷ್ಮೆಯ ಕಥೆಯನ್ನೆಲ್ಲ 1912ಕ್ಕೆ ಕಟ್ಟಿಹಾಕುತ್ತವೆ. ಅದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ 32 ಮಗ್ಗಗಳೊಂದಿಗೆ ನೇಯ್ಗೆ ಶುರುವಾದ ವರ್ಷವಷ್ಟೇ. ನೂಲು ಬಿಚ್ಚುವ ವಿದ್ಯೆಯ ವಂಶಾವಳಿ ಬೇರೆ.

ರೇಷ್ಮೆಹುಳು ತರಲು ಬಂಗಾಳಕ್ಕೆ ಆಳು ಕಳಿಸಿದ ಟಿಪ್ಪುವಿನ 1786ರ ಪತ್ರ, ಬೆಂಗಳೂರಿನ ಟಾಟಾ ರೇಷ್ಮೆ ಫಾರಂಗೆ ಬಂದ ಜಪಾನೀ ತಜ್ಞರು, ಸಂಸ್ಥಾನದ ಇಟಾಲಿಯನ್ ತಜ್ಞ ವಾಷಿಂಗ್ಟನ್ ಮಾರಿ: ಇವು ಎಲ್ಲ ಪುಸ್ತಕಗಳಲ್ಲೂ ಇವೆ. ಬಿಸಿನೀರಿನ ಬೇಸಿನ್ ಮುಂದೆ ನೂಲು ಬಿಚ್ಚುತ್ತ ಕೂತವರ ವಿಷಯ ಮಾತ್ರ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ತಜ್ಞರ, ಯಂತ್ರಗಳ ಹೆಸರು ಬರೆದವರು ಕೈಗಳ ಲೆಕ್ಕ ಇಟ್ಟಿಲ್ಲ.

ಕೆಲಸ ಹೀಗೆ. ಬೇಯಿಸಿದ ಗೂಡಿಗೆ ಬ್ರಷ್ ತಾಗಿಸಿ ಎಳೆಯ ತುದಿ ಹಿಡಿಯಬೇಕು. ಎಂಟು-ಹತ್ತು ಗೂಡುಗಳ ಎಳೆ ಒಟ್ಟಾದರೆ, ದಪ್ಪದ ಅಳತೆಯಲ್ಲಿ 20-22 ಡೀನಿಯರ್‌ನ ಒಂದು ನೂಲು. ಗೂಡಿನ ಹೊರಪದರಕ್ಕಿಂತ ಒಳಪದರದ ಎಳೆ ಸಪೂರ. ಒಂದು ಗೂಡು ಮುಗಿದ ಕೂಡಲೇ ಹೊಸ ತುದಿ ಸೇರಿಸದಿದ್ದರೆ ನೂಲು ಸಣ್ಣಗಾಗಿ, ಮಗ್ಗದಲ್ಲಿ ಹರಿಯುತ್ತದೆ. ಯಾವಾಗ ಸೇರಿಸಬೇಕೆಂಬುದನ್ನು ಹೊಸಬರು ಪಕ್ಕದವರನ್ನು ನೋಡಿಯೇ ಕಲಿಯಬೇಕು.

ಕಲಿತದ್ದನ್ನು ಮರಳಿ ಕಲಿಯುವ ಸಂದರ್ಭ ಗೂಡು ಬದಲಾದಾಗಲೆಲ್ಲ ಬಂದಿದೆ. ನಾಡತಳಿ ‘ಪ್ಯೂರ್ ಮೈಸೂರು’ ಗೂಡಿನ ಎಳೆ ಕೆಲವೇ ನೂರು ಮೀಟರ್. ವರ್ಷಕ್ಕೆ ಎರಡು ಪೀಳಿಗೆ ಕಾಣುವ ದ್ವಿತಳಿಯದ್ದು ಸುಮಾರು ಸಾವಿರ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1990ರ ದಶಕದಲ್ಲಿ ಜಪಾನಿನ ನೆರವಿನಿಂದ ಬೆಳೆಸಿದ ದ್ವಿತಳಿ ಮಿಶ್ರತಳಿಗಳು ಒಳ್ಳೆಯ ನೂಲು ಕೊಟ್ಟವು. ಅದರೊಂದಿಗೆ ಬೇಯಿಸುವ ಹದ, ನೀರಿನ ಕಾವು, ಬಿಚ್ಚುವ ಯಂತ್ರ ಮೂರೂ ಬದಲಾಗಬೇಕಾಯಿತು. ತಳಿಯ ಬದಲಾವಣೆಯೇ ಇಲ್ಲಿಯ ನಿಜವಾದ ತಿರುವು. 1980ರಲ್ಲಿ ನಿಗಮದ ಸ್ಥಾಪನೆಗಿಂತ ಅದರ ತೂಕ ಹೆಚ್ಚು. ಆದರೂ ಫಿಲೇಚರ್, ನೇಯ್ಗೆ ಎರಡೂ ಒಂದೇ ನಿಗಮದಲ್ಲಿರುವುದರಿಂದ ಮಗ್ಗದಲ್ಲಿ ಕಂಡ ದೋಷವನ್ನು ಬೇಸಿನ್‌ವರೆಗೆ ಹಿಂಬಾಲಿಸುವ ಅನುಕೂಲವಿದೆ. ಖಾಸಗಿಯಾಗಿ ನೂಲು ಬಿಚ್ಚಿಸುವ ರೀಲರ್‌ನ ನೂಲು ಒಮ್ಮೆ ಮಾರಾಟವಾದರೆ ಅಂಥ ದೂರು ಅವನವರೆಗೆ ಬರುವುದು ಅಪರೂಪ.

2005ರಲ್ಲಿ ‘ಮೈಸೂರು ರೇಷ್ಮೆ’ಗೆ ಭೌಗೋಳಿಕ ಗುರುತು ಸಿಕ್ಕಿತು. ಹೆಸರು ಬಟ್ಟೆಯದ್ದು, ಫಿಲೇಚರ್ ಗೂಡನ್ನು ಮಾತ್ರ ಸರ್ಕಾರಿ ಮಾರುಕಟ್ಟೆಯ ಹರಾಜಿನಲ್ಲಿ, ಖಾಸಗಿ ರೀಲರ್‌ಗಳ ಜೊತೆ ಪೈಪೋಟಿಗಿಳಿದೇ ಕೊಳ್ಳಬೇಕು. ಅಲ್ಲಿ ಗೂಡನ್ನು ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ ಬೆಲೆ ಕಟ್ಟುವುದೂ ಫಿಲೇಚರ್ ಕಲಿಯಬೇಕಾದ ವಿದ್ಯೆಯೇ.