ಹೆಸರು ಹೇಳುವ ಹೊತ್ತು: ಜಪಾನಿನ ಹಾಯ್ಕು ಕೂಟಗಳ ಸಭಾಮರ್ಯಾದೆ

ಹಾಯ್ಕು ಎಂದರೆ ಏಕಾಂತದಲ್ಲಿ ಕುಳಿತ ಕವಿಗೆ ಥಟ್ಟನೆ ಹೊಳೆದ ಮೂರು ಸಾಲು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಬೆಟ್ಟದ ತಪ್ಪಲಿನ ಗುಡಿಸಲು, ಊರುಗೋಲು ಹಿಡಿದ ಯಾತ್ರಿಕ, ಸುತ್ತಲೂ ಮೌನ. ಈ ಚಿತ್ರವೇ ನಮ್ಮ ಕಣ್ಣಿಗೆ ಕಟ್ಟುತ್ತದೆ. ಚರಿತ್ರೆಯನ್ನು ನೋಡಿದರೆ ಇದು ಅರ್ಧ ಸತ್ಯ ಮಾತ್ರ. ಹಾಯ್ಕು ಹುಟ್ಟಿದ್ದು ಸಭೆಯಲ್ಲಿ, ಹತ್ತು ಜನರ ನಡುವೆ, ಲೇಖಕನೊಬ್ಬನ ಮೇಜಿನ ಮುಂದೆ. ಅದಕ್ಕೆ ಕಟ್ಟುನಿಟ್ಟಾದ ಸಭಾಮರ್ಯಾದೆಯಿತ್ತು. ಯಾರು ಮೊದಲು ನುಡಿಯಬೇಕು, ಯಾರು ಉತ್ತರಿಸಬೇಕು, ತನ್ನ ಪದ್ಯ ಮರಳಿಬಂದಾಗ ಹೇಗಿರಬೇಕು, ತನ್ನ ಹೆಸರನ್ನು ಯಾವಾಗ ಹೇಳಬೇಕು ಎಂಬುದೆಲ್ಲ ಅಲ್ಲಿ ನಿಶ್ಚಿತವಾಗಿತ್ತು.

ಗಡಿನಾಡಿನ ಕನ್ನಡ ಸಮ್ಮೇಳನದ ಸಂಚಿಕೆಯಲ್ಲಿ ಜಪಾನಿನ ಮಾತೇಕೆ ಎಂದು ಕೇಳುವವರಿಗೆ ನಮ್ಮದೊಂದು ಸಣ್ಣ ಸಮಜಾಯಿಷಿ ಇದೆ. ಮಂಜೇಶ್ವರದಲ್ಲಿ ಕುಳಿತು ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದವರು ನಮ್ಮ ಗೋವಿಂದ ಪೈಗಳು. 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ತೊರೆದವರೂ ಅವರೇ. ನಿಯಮವನ್ನು ಬಲ್ಲವನೇ ಅದನ್ನು ಬಿಡಬಲ್ಲ ಎಂಬುದಕ್ಕೆ ನಾವು ಬೇರೆ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಹಾಯ್ಕುವಿನ ಬೇರು 'ರೆಂಗಾ' ಎಂಬ ಸರಪಳಿ ಕಾವ್ಯದಲ್ಲಿದೆ. ಜಪಾನಿನ ಹಳೆಯ 'ವಾಕಾ' ಪದ್ಯಕ್ಕೆ 5-7-5-7-7ರ ಐದು ಪಾದಗಳು. ಅದನ್ನು ಇಬ್ಬರು ಹಂಚಿಕೊಂಡು, ಒಬ್ಬನು 5-7-5 ಹೇಳಿದರೆ ಇನ್ನೊಬ್ಬನು 7-7ರಿಂದ ಮುಗಿಸುವ ವಿನೋದವೇ ಬೆಳೆದು ನೂರು ಪದ್ಯಗಳ ಮಾಲೆಯಾಯಿತು. ಇಲ್ಲಿ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ಹಾಯ್ಕು ಬರೆಯುವವರು ಅಕ್ಷರಗಳನ್ನು ಎಣಿಸುವುದು ರೂಢಿ. ಜಪಾನೀಯರ ಅಳತೆಯಾದರೋ ನಮ್ಮ ಮಾತ್ರೆಗೆ ಹೆಚ್ಚು ಸಮೀಪ. ಅವರಲ್ಲಿಯೂ ದೀರ್ಘಸ್ವರಕ್ಕೆ ಎರಡು ಎಣಿಕೆ. ನಮ್ಮ ಅನುಸ್ವಾರದಂತಹ ನಾದಕ್ಕೂ, ಒತ್ತಿನ ತಡೆಗೂ ಒಂದೊಂದು ಎಣಿಕೆ. ಲಘು ಗುರುಗಳನ್ನು ಬಲ್ಲ ನಮ್ಮ ಹಿರಿಯರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ರೆಂಗಾವನ್ನು ವಿನೋದದ ಮಟ್ಟದಿಂದ ಮೇಲೆತ್ತಿದವನು ನಿಜೋ ಯೋಶಿಮೊತೊ. ಅರಮನೆಯ ಅತ್ಯುಚ್ಚ ಪದವಿಯಲ್ಲಿದ್ದ ಈತನು ಕ್ಯೂಸೆಯ್ ಎಂಬ ಸಾಮಾನ್ಯ ಕುಲದ ಸಂನ್ಯಾಸಿಯನ್ನು ಜತೆಗೂಡಿಸಿಕೊಂಡು 1356ರಲ್ಲಿ 'ತ್ಸುಕುಬಾಶೂ' ಸಂಕಲನವನ್ನು ಸಿದ್ಧಪಡಿಸಿದನು. 1372ರಲ್ಲಿ ಸಭೆಗೆ ನಿಯಮಾವಳಿಯನ್ನು ರೂಪಿಸಿದನು. ಒಂದು ಶತಮಾನದ ತರುವಾಯ, 1488ರಲ್ಲಿ, ಮಿನಾಸೆಯ ಪ್ರಸಿದ್ಧ ನೂರು ಪದ್ಯಗಳನ್ನು ಹೆಣೆದ ಮೂವರನ್ನು ಗಮನಿಸಬೇಕು. ಗುರು ಸೋಗಿಯ ಹುಟ್ಟು ಸಾಮಾನ್ಯವಾದದ್ದು. ಶೋಹಾಕು ಶ್ರೀಮಂತ ಕುಲೀನ ಮನೆತನದವನು. ಸೋಚೋ ಕಮ್ಮಾರನ ಮಗ. ಕುಲಕ್ಕೆ ತಕ್ಕ ಎತ್ತರದಲ್ಲಿಯೇ ಕುಳಿತುಕೊಳ್ಳಬೇಕಾದ ಆ ಕಾಲದಲ್ಲಿ ಈ ಮೂವರ ಪದ್ಯಗಳು ಒಂದರ ಪಕ್ಕದಲ್ಲೊಂದು ಕುಳಿತಿವೆ. ದೇವಾಲಯಗಳ ಆವರಣದಲ್ಲಿ ನಡೆಯುತ್ತಿದ್ದ ಇನ್ನೊಂದು ಬಗೆಯ ಬಯಲು ರೆಂಗಾ ಕೂಟಕ್ಕೆ ಹಾದಿಹೋಕರೂ ಬಂದು ಪದ್ಯ ಸೇರಿಸಬಹುದಿತ್ತು. ಅವರು ಅಗಲವಾದ ಟೊಪ್ಪಿಯನ್ನು ತೆಗೆಯದೆಯೇ ನಿಂತಿರುತ್ತಿದ್ದುದರಿಂದ ಆ ಕೂಟಕ್ಕೆ 'ಟೊಪ್ಪಿ ಧರಿಸಿದ ರೆಂಗಾ' ಎಂದೇ ಹೆಸರಾಯಿತು. ನಮ್ಮ ಮುಟ್ಟಾಳೆಯನ್ನು ತಲೆಗಿಟ್ಟು ಗದ್ದೆಯಿಂದ ನೇರವಾಗಿ ಗೋಷ್ಠಿಗೆ ಬಂದವರನ್ನು ಕಲ್ಪಿಸಿಕೊಂಡರೆ ಸಾಕು.

ಇನ್ನು ಸಭೆಯ ಕ್ರಮ. ಕೂಟವನ್ನು ನಡೆಸುವ ಗುರು ಒಬ್ಬ. ಅವನ ಬಳಿ ತಗ್ಗಾದ ಮೇಜಿನ ಮುಂದೆ ಲೇಖಕ. ಈ ಲೇಖಕನು ಬರಿಯ ಗುಮಾಸ್ತನಲ್ಲ. ಯಾರಾದರೂ ಪದ್ಯ ನುಡಿದೊಡನೆ ಅದು ನಿಯಮಕ್ಕೆ ಹೊಂದುವುದೇ ಎಂದು ಪರಿಶೀಲಿಸಿ, ಹೊಂದಿದರೆ ಗಟ್ಟಿಯಾಗಿ ಓದಿ, ಮಡಿಸಿದ ಕಾಗದದಲ್ಲಿ ಬರೆದುಕೊಳ್ಳುವನು, ಹೊಂದದಿದ್ದರೆ ಮರಳಿಸುವನು. ಹಾಗೆ ಮರಳಿಬರುವುದು ಅಪಮಾನವೆನಿಸುತ್ತಿರಲಿಲ್ಲ. ಪ್ರತಿಯೊಂದು ಪದ್ಯವೂ ತನ್ನ ಹಿಂದಿನದಕ್ಕೆ ಹೊಂದಬೇಕು, ಆದರೆ ಅದಕ್ಕೂ ಹಿಂದಿನದರಿಂದ ದೂರ ಸರಿಯಬೇಕು. ಆದ್ದರಿಂದ ಯಾರೊಬ್ಬರೂ ತಮ್ಮ ಕಥೆಯನ್ನೇ ಮುಂದುವರಿಸಿಕೊಂಡು ಹೋಗುವಂತಿರಲಿಲ್ಲ. ಕೆಲವು ಪದಗಳು ಇಡೀ ಕೂಟದಲ್ಲಿ ಒಮ್ಮೆ ಮಾತ್ರ ಬರಬಹುದಿತ್ತು.

ಮೊದಲ ಪದ್ಯವನ್ನು ಅತಿಥಿಯು ಹೇಳಬೇಕು, ಎರಡನೆಯದನ್ನು ಮನೆಯ ಯಜಮಾನನು ಹೇಳಬೇಕು ಎಂಬುದು ಎಲ್ಲಕ್ಕಿಂತ ದೊಡ್ಡ ಮರ್ಯಾದೆ. 'ಹೊಕ್ಕು' ಎನಿಸಿದ ಆ ಮೊದಲ ಪದ್ಯದಲ್ಲಿ ಆ ದಿನದ ಋತುವಿರಬೇಕು, ಆತಿಥೇಯನಿಗೆ ನಮಸ್ಕಾರವಿರಬೇಕು. ಮುಂದೆ ಹಾಯ್ಕು ಎಂದು ಹೆಸರು ಪಡೆದದ್ದು ಈ ಮೊದಲ ಪದ್ಯವೇ. ಹಾಯ್ಕುವಿನಲ್ಲಿ ಋತುಸೂಚಕ ಪದವೇಕೆ ಎಂದು ಕೇಳುವವರಿಗೆ ಇಲ್ಲಿಯೇ ಉತ್ತರವಿದೆ: ಅದು ಮೂಲದಲ್ಲಿ ಮನೆಗೆ ಬಂದವನ ಕುಶಲೋಪರಿ. ಹೊಸ್ತಿಲು ದಾಟಿದೊಡನೆ "ಈ ಸಲ ಮಳೆ ಬೇಗ ಹಿಡಿಯಿತಲ್ಲ" ಎನ್ನುವ ನಮ್ಮ ಊರಿನ ಮಾತಿಗೂ ಅದಕ್ಕೂ ಬಹಳ ಅಂತರವಿಲ್ಲ.

ನಿಯಮವಿದ್ದಲ್ಲಿ ಅದನ್ನು ಮೀರುವ ಹುಮ್ಮಸ್ಸೂ ಇರುತ್ತದೆ. ಒಸಾಕದ ಇಹಾರಾ ಸೈಕಾಕು 1684ರಲ್ಲಿ ಸುಮಿಯೋಶಿ ದೇವಾಲಯದಲ್ಲಿ ಒಂದು ಹಗಲು ಒಂದು ರಾತ್ರಿಯಲ್ಲಿ ಒಬ್ಬನೇ 23,500 ಪದ್ಯಗಳನ್ನು ಹೇಳಿದನು. ಬರೆದುಕೊಳ್ಳಲು ಲೇಖಕರ ಕೈ ಸಾಲಲಿಲ್ಲ. ಸೈಕಾಕು ಮಹಾ ಪ್ರತಿಭಾವಂತ, ಮುಂದೆ ಗದ್ಯದಲ್ಲಿ ದೊಡ್ಡ ಹೆಸರು ಗಳಿಸಿದವನು. ಆದರೂ ಅಂದಿನದು ಕೂಟವಲ್ಲ, ಪ್ರದರ್ಶನ ಎಂದು ನಮಗೆ ತೋರುತ್ತದೆ.

ಬಾಶೋ ಹಿಡಿದದ್ದು ಬೇರೆ ಹಾದಿ. ನೂರು ಪದ್ಯಗಳಿಗೆ ಬದಲಾಗಿ 36 ಪದ್ಯಗಳ 'ಕಾಸೆನ್' ಅವನ ಮೆಚ್ಚಿನ ರೂಪ. ಎರಡು ಕಾಗದಗಳ ನಾಲ್ಕು ಮುಖಗಳಲ್ಲಿ 6, 12, 12, 6ರಂತೆ ಅದನ್ನು ಬರೆಯುತ್ತಿದ್ದರು. ಅದರಲ್ಲಿ ಮೂರು ಕಡೆ ಚಂದ್ರ, ಎರಡು ಕಡೆ ಹೂವು ಬರಬೇಕು. ಮೊದಲ ಆರು ಪದ್ಯಗಳಲ್ಲಿ ಸಾವು, ರೋಗ, ಪ್ರಣಯ, ಮತಧರ್ಮಗಳ ಮಾತು ಸಲ್ಲದು. ಸಭೆ ಹದಕ್ಕೆ ಬಂದ ಮೇಲೆ ಎಲ್ಲಕ್ಕೂ ಅವಕಾಶವುಂಟು. ಹೂವಿನ ಪದ್ಯವನ್ನು ತಾನೇ ಹೇಳಲು ಮುನ್ನುಗ್ಗದೆ ಗೌರವಾರ್ಹರಿಗೆ ಬಿಟ್ಟುಕೊಡುವುದು ಸೌಜನ್ಯವೆನಿಸಿತ್ತು.

1689ರ ಮಳೆಗಾಲದಲ್ಲಿ, ಉತ್ತರ ದೇಶದ ಯಾತ್ರೆಯಲ್ಲಿದ್ದ ಬಾಶೋ ಮೊಗಾಮಿ ನದಿಯ ದಡದ ಓಇಶಿದಾ ಎಂಬ ಊರಿಗೆ ಬಂದನು. ರಾಜಧಾನಿಯಿಂದ ಬಹುದೂರದ ಊರು. ಕಾವ್ಯದ ಬೀಜ ಎಂದೋ ಅಲ್ಲಿ ಬಿದ್ದಿತ್ತು. ಆದರೆ ಹಳೆಯ ರೀತಿಯೋ ಹೊಸ ರೀತಿಯೋ ಎಂದು ತೋರಿಸಿಕೊಡುವವರಿಲ್ಲದೆ ಅಲ್ಲಿಯ ಆಸಕ್ತರು ತಡಕಾಡುತ್ತಿದ್ದರೆಂದೂ, ಅವರ ಸಲುವಾಗಿ ತಾನೊಂದು ಸುರುಳಿಯನ್ನು ಬಿಟ್ಟುಬಂದೆನೆಂದೂ ಅವನ ಪ್ರವಾಸಕಥನ ತಿಳಿಸುತ್ತದೆ. ಗಡಿಯಲ್ಲಿ ಕುಳಿತು ಬರೆಯುವ ನಮಗೆ ಆ ತಡಕಾಟ ಹೊಸದೇನಲ್ಲ. ಕೂಟ ನಡೆದದ್ದು ದೋಣಿ ಸಾಗಣೆಯ ವರ್ತಕ ತಕಾನೊ ಇಚಿಎಯ್ ಎಂಬವನ ಮನೆಯಲ್ಲಿ. ಇದ್ದವರು ನಾಲ್ವರೇ: ಬಾಶೋ, ಅವನ ಸಹಯಾತ್ರಿಕ ಸೊರಾ, ಮನೆಯ ಯಜಮಾನ, ಮತ್ತು ಊರಿನ ಪಟೇಲನಾದ ಸೆನ್ಸುಯ್. ಅತಿಥಿಯಾದ ಬಾಶೋ ತುಂಬಿ ಹರಿಯುವ ನದಿಯನ್ನು ನೆನೆದು, ಅದರಿಂದ ಬರುವ ತಂಪನ್ನು ಮೊದಲ ಪದ್ಯದಲ್ಲಿ ಹೊಗಳಿದನು. ನಿನ್ನ ಮನೆ ಹಿತವಾಗಿದೆ ಎಂಬುದೇ ಅದರ ಇಂಗಿತ. ಇಚಿಎಯ್ ತನ್ನ ದಡದ ದೋಣಿಗೂಟಗಳನ್ನು ತಂದು ವಿನಯದಿಂದ ಉತ್ತರಿಸಿದನು. ಬಾಶೋ ತಾನೇ ಲೇಖಕನಾಗಿ ಬರೆದ ಆ 36 ಪದ್ಯಗಳ ಹಸ್ತಪ್ರತಿ ಇಂದಿಗೂ ಉಳಿದಿದೆ.

ಮುಂದೆ ಬಾಶೋ ಅದೇ ನದಿಯಲ್ಲಿ ದೋಣಿಯೇರಿ ಇಳಿದುಹೋದನು. ಪ್ರವಾಹದ ಅಪಾಯ ಅನುಭವಕ್ಕೆ ಬಂತು. ಪ್ರವಾಸಕಥನದಲ್ಲಿ ಆ ಪದ್ಯವನ್ನು ಸೇರಿಸುವಾಗ ತಂಪು ಎಂಬ ಪದವನ್ನು ತೆಗೆದು ರಭಸ ಎಂಬರ್ಥದ ಪದವನ್ನಿಟ್ಟನು. ಸಭೆಯಲ್ಲಿ ಆತಿಥೇಯನಿಗೆ ಸಲ್ಲಬೇಕಾದದ್ದು ಸಂದಿತ್ತು. ಪುಸ್ತಕದಲ್ಲಿ ನದಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿದನು. ಎರಡೂ ನಿಜವೇ. ಕೂಟದ ಕಾಗದವನ್ನು ಮೇಜಿನಿಂದ ಇಳಿಸಿದ ಮೇಲೆ ಅದು ರದ್ದಿಯೇ ಸರಿ ಎಂಬರ್ಥದ ಮಾತನ್ನು ಬಾಶೋ ಹೇಳುತ್ತಿದ್ದನೆಂದು ಶಿಷ್ಯ ದೋಹೋ ಬರೆದಿಟ್ಟಿದ್ದಾನೆ. ಆದರೂ ಓಇಶಿದಾದವರು ಆ ರದ್ದಿಯನ್ನು ಎಸೆಯಲಿಲ್ಲ.

ಆ ಕಾಲದಲ್ಲಿ ಅಂಕ ಹಾಕಿ ಹಣ ಪಡೆಯುವ ಗುರುಗಳೂ ಹೇರಳವಾಗಿದ್ದರು. ಹೆಚ್ಚು ಅಂಕ ಪಡೆದವರಿಗೆ ಬಹುಮಾನ. ಕೆಲವೆಡೆ ಅದು ಜೂಜಿನ ಮಟ್ಟಕ್ಕೂ ಇಳಿದಿತ್ತು. ಬಾಶೋ 1692ರ ಪತ್ರವೊಂದರಲ್ಲಿ ಕವಿಗಳನ್ನು ಮೂರು ತರಗತಿಯಾಗಿ ವಿಂಗಡಿಸಿ, ಹಗಲಿರುಳು ಅಂಕಗಳಿಗಾಗಿ ಹೋರಾಡುವವರನ್ನು ಕೊನೆಗಿಟ್ಟನು. ಅವರಿಂದ ಗುರುಗಳ ಹೆಂಡಿರು ಮಕ್ಕಳ ಹೊಟ್ಟೆಯಾದರೂ ತುಂಬುವುದಲ್ಲ ಎಂಬ ತಿಳಿಹಾಸ್ಯವೂ ಅಲ್ಲಿದೆ.

ಮರ್ಯಾದೆಯನ್ನು ಕಲಿಸಿದವನ ಶಿಷ್ಯರೇ ಜಗಳವಾಡಿದರೆಂಬುದು ಈ ಚರಿತ್ರೆಯ ನೋವಿನ ಭಾಗ. 1694ರಲ್ಲಿ ಒಸಾಕದ ಇಬ್ಬರು ಶಿಷ್ಯರಾದ ಶಾದೋ ಮತ್ತು ಶಿದೋ ನಡುವೆ ಮನಸ್ತಾಪ ಬೆಳೆಯಿತು. ಅವರನ್ನು ಒಂದುಗೂಡಿಸಲೆಂದು ಆರೋಗ್ಯ ಕೆಟ್ಟಿದ್ದರೂ ಬಾಶೋ ಒಸಾಕಕ್ಕೆ ಹೋದನು. ಅಲ್ಲಿ ಸೊನೊಮೆ ಎಂಬ ಕವಯಿತ್ರಿಯ ಮನೆಯ ಕೂಟದಲ್ಲಿ ಬಿಳಿಯ ಸೇವಂತಿಗೆಯ ನೆಪದಲ್ಲಿ ಆಕೆಯ ನಿರ್ಮಲತೆಯನ್ನು ಕೊಂಡಾಡಿದನು. ಕೆಲವೇ ದಿನಗಳಲ್ಲಿ ಹಾಸಿಗೆ ಹಿಡಿದು, ಆ ನಗರದಲ್ಲಿಯೇ ತೀರಿಕೊಂಡನು. ಸಂಘ ನಡೆಸಿದ ಅನುಭವವುಳ್ಳವರು ಈ ಪ್ರಸಂಗವನ್ನು ಓದಿ ಸುಮ್ಮನೆ ಮುಂದೆ ಹೋಗಲಾರರು.

ಎರಡು ಶತಮಾನಗಳ ಅನಂತರ ಮಸಾಓಕಾ ಶಿಕಿ ಈ ಸರಪಳಿಯನ್ನು ಕಡಿದನು. ಮೊದಲ ಪದ್ಯ ಸಾಹಿತ್ಯ, ಉಳಿದ ಸರಪಳಿ ಸಾಹಿತ್ಯವಲ್ಲ ಎಂಬುದು 1893-94ರ ಸುಮಾರಿಗೆ ಅವನು ಮಂಡಿಸಿದ ವಾದ. ಸ್ವತಂತ್ರವಾದ ಆ ಪದ್ಯಕ್ಕೆ ಹಾಯ್ಕು ಎಂಬ ಹೆಸರನ್ನು ನೆಲೆಗೊಳಿಸಿದವನೂ ಅವನೇ. ಆದರೆ ಸರಪಳಿಯನ್ನು ಕಡಿದವನು ಸಭೆಯನ್ನು ಬಿಡಲಿಲ್ಲ. ಬೆನ್ನುಮೂಳೆಯ ಕ್ಷಯದಿಂದ ಏಳಲಾರದಂತಾದ ಶಿಕಿಯ ಹಾಸಿಗೆಯ ಸುತ್ತ, ಟೋಕಿಯೋದ ನೆಗಿಶಿಯ ಪುಟ್ಟ ಮನೆಯಲ್ಲಿ, ಗೆಳೆಯರು ಸೇರುತ್ತಿದ್ದರು. ಆ ಬಗೆಯ ಕೂಟಕ್ಕೆ 'ಕುಕಾಯ್' ಎಂದು ಹೆಸರು. ಅದರ ಕ್ರಮ ಇಂದಿಗೂ ಹೆಚ್ಚು ಬದಲಾಗಿಲ್ಲ. ಪ್ರತಿಯೊಬ್ಬರೂ ಹೆಸರಿಲ್ಲದ ಚೀಟಿಗಳಲ್ಲಿ ಪದ್ಯ ಬರೆದು ಹಾಕುವರು. ಚೀಟಿಗಳನ್ನು ಬೆರೆಸಿ ಹಂಚಿ, ಬೇರೆಯವರ ಕೈಯಲ್ಲಿ ನಕಲು ಮಾಡಿಸುವರು. ಕೈಬರಹದಿಂದ ಕವಿಯ ಗುರುತು ಸಿಗಬಾರದು. ನಕಲು ಹಾಳೆಗಳು ಸುತ್ತುಬರುವಾಗ ಮೆಚ್ಚಿದ್ದನ್ನು ಆರಿಸಿಕೊಳ್ಳಬೇಕು, ತನ್ನದನ್ನು ತಾನೇ ಆರಿಸುವಂತಿಲ್ಲ. ಆರಿಸಿದವನ್ನು ಒಬ್ಬನು ಗಟ್ಟಿಯಾಗಿ ಓದುವನು. ತನ್ನ ಪದ್ಯ ಓದಿದಾಗ ಮಾತ್ರ ಕವಿ ತನ್ನ ಹೆಸರನ್ನು ಹೇಳುವನು. ಯಾರೂ ಆರಿಸದ ಪದ್ಯದ ಕವಿ ಯಾರೆಂಬುದು ಹೊರಗೆ ಬರುವುದೇ ಇಲ್ಲ. ಸೋತವನ ಮಾನವನ್ನು ಇಷ್ಟು ನಾಜೂಕಾಗಿ ಕಾಯುವ ಇನ್ನೊಂದು ಸಾಹಿತ್ಯ ಸಭೆಯನ್ನು ನಾವು ಕಂಡಿಲ್ಲ.

ಈ ಸಮಾನತೆ ಎಲ್ಲೆಡೆ ಉಳಿಯಲಿಲ್ಲ. ಶಿಕಿಯ ಶಿಷ್ಯ ತಕಾಹಾಮಾ ಕ್ಯೋಶಿ ನಡೆಸಿದ 'ಹೊತೊತೊಗಿಸು' ಪತ್ರಿಕೆಯಲ್ಲಿ ಆಯ್ಕೆಯ ಅಧಿಕಾರವೆಲ್ಲ ಒಬ್ಬನ ಕೈಗೆ ಬಂತು. ಆಯ್ಕೆಯೂ ಸೃಷ್ಟಿಯೇ ಎಂಬುದು ಅವನ ನಿಲುವು. ಅದರಲ್ಲಿ ಸತ್ಯವಿದೆ, ಅನೇಕ ದೊಡ್ಡ ಕವಿಗಳು ಆ ಆಯ್ಕೆಯ ಕುಲುಮೆಯಿಂದಲೇ ಬಂದವರು. ಆದರೆ 1936ರಲ್ಲಿ ಸುಗಿತಾ ಹಿಸಾಜೊ ಎಂಬ ಪ್ರತಿಭಾವಂತ ಕವಯಿತ್ರಿಯನ್ನೂ ಇನ್ನಿಬ್ಬರು ಕವಿಗಳನ್ನೂ ಪತ್ರಿಕೆಯ ಬಳಗದಿಂದ ಹೊರಗಿಡಲಾಯಿತೆಂಬ ಪ್ರಕಟಣೆ, ಕಾರಣವನ್ನೇ ತಿಳಿಸದೆ, ಅಚ್ಚಾಯಿತು. ಗುರುವಿನ ಮುನ್ನುಡಿಯೊಡನೆ ಸಂಕಲನವೊಂದು ಬರಬೇಕೆಂಬ ಆಕೆಯ ಆಸೆ ಬದುಕಿರುವಾಗ ಕೈಗೂಡಲಿಲ್ಲ. ಆಕೆ 1946ರಲ್ಲಿ ತೀರಿಕೊಂಡಳು. ಮಗಳ ಪ್ರಯತ್ನದಿಂದ ಸಂಕಲನ ಹೊರಬಂದದ್ದು 1952ರಲ್ಲಿ. ಅದಕ್ಕೆ ಕ್ಯೋಶಿಯ ಮುನ್ನುಡಿಯಿತ್ತು.

ಅದೇ 1946ರಲ್ಲಿ ಫ್ರೆಂಚ್ ಸಾಹಿತ್ಯದ ವಿದ್ವಾಂಸ ಕುವಾಬಾರಾ ತಕೆಓ ಒಂದು ಪರೀಕ್ಷೆಯನ್ನೊಡ್ಡಿದನು. ಪ್ರಸಿದ್ಧರ ಹತ್ತು ಹಾಯ್ಕುಗಳ ಜತೆ ಹೆಸರಿಲ್ಲದವರ ಐದನ್ನು ಬೆರೆಸಿ, ಕವಿಗಳ ಹೆಸರನ್ನು ತೆಗೆದು, ಯಾವುದು ಯಾರದೆಂದು ಹೇಳಬಲ್ಲಿರಾ ಎಂದು ಓದುಗರನ್ನು ಕೇಳಿದನು. ಹೇಳುವುದು ಕಷ್ಟವಾಯಿತು. ಆದ್ದರಿಂದ ಹಾಯ್ಕು ಎರಡನೆಯ ದರ್ಜೆಯ ಕಲೆ ಎಂಬುದು ಅವನ ತೀರ್ಮಾನ. ದೊಡ್ಡ ಗದ್ದಲವೆದ್ದಿತು. ಗುರುಪೀಠಗಳ ಮೇಲಿನ ಅವನ ಕೋಪ ನಮಗೆ ಅರ್ಥವಾಗುತ್ತದೆ. ತೀರ್ಮಾನ ಮಾತ್ರ ಒಪ್ಪಿಗೆಯಾಗದು. ಹೆಸರನ್ನು ತೆಗೆದು ಓದುವ ಆ ಪರೀಕ್ಷೆಯನ್ನು ಕುಕಾಯ್ ಕೂಟಗಳು ಮೊದಲಿನಿಂದಲೂ ತಾವಾಗಿಯೇ ಮಾಡಿಕೊಂಡು ಬಂದಿದ್ದವಲ್ಲವೇ?

ನಮ್ಮ ಗೋಷ್ಠಿಗಳಲ್ಲಿ ಪರಿಚಯ ಭಾಷಣ ಮೊದಲು, ಕವಿತೆ ಆಮೇಲೆ. ಕಳೆದ ಮಳೆಗಾಲದಲ್ಲಿ ನಾವು ಹನ್ನೊಂದು ಮಂದಿ ಸದಸ್ಯರೊಬ್ಬರ ಮನೆಯ ಚಾವಡಿಯಲ್ಲಿ ಕುಳಿತು, ಚೀಟಿ ಹಂಚಿ, ಕುಕಾಯ್ ಕ್ರಮವನ್ನು ಪ್ರಯೋಗಿಸಿ ನೋಡಿದೆವು. ನಕಲು ಮಾಡುವ ಕೆಲಸ ಮನೆಯ ಮಕ್ಕಳದು. ಕೈಬರಹವೇನೋ ಮರೆಯಾಯಿತು, ನುಡಿ ಮರೆಯಾಗಲಿಲ್ಲ. ಒಂದು ಪದ್ಯದಲ್ಲಿ ಅಂಗಳವೆನ್ನುವಲ್ಲಿ 'ಜಾಲು' ಎಂದಿತ್ತು. ಓದಿದೊಡನೆ ಎಲ್ಲರ ಕಣ್ಣೂ ಹವ್ಯಕ ಮನೆಯ ಹಿರಿಯರೊಬ್ಬರತ್ತ ತಿರುಗಿತು. ಅವರು ನಕ್ಕು ಹೆಸರು ಹೇಳಿದರು. ಗುರುತು ಸಿಗದಿರಲು ಮುಂದಿನ ಸಲ ಎಲ್ಲರೂ ಗ್ರಂಥದ ಕನ್ನಡದಲ್ಲಿಯೇ ಬರೆಯೋಣವೇ ಎಂದು ಒಬ್ಬರು ಸೂಚಿಸಿದರು. ಬೇಡವೆಂದವರೇ ಹೆಚ್ಚು. ಜಾಲು ಜಾಲಾಗಿಯೇ ಉಳಿಯಿತು.