ಸರಪಳಿ ಮತ್ತು ಶಿಫಾ: ಮನಸ್ಸಿನ ಕಾಯಿಲೆಯ ಚರಿತ್ರೆಯಿಂದ ಕೆಲವು ಪುಟಗಳು

ಕಳೆದ ತಿಂಗಳು ಎರಡು ಜುಮಾಗಳ ಖುತ್ಬಾದಲ್ಲಿ ನಾವು ಮನಸ್ಸಿನ ಕಾಯಿಲೆಯ ವಿಷಯ ಎತ್ತಿಕೊಂಡಿದ್ದೆವು. ನಮಾಝ್ ಮುಗಿದ ಮೇಲೆ ಬಂಡೂರಿನ ಮಸೀದಿಯ ಅಂಗಳದಲ್ಲಿ ನಾಲ್ಕೈದು ಮಂದಿ ನಿಂತು ಪ್ರಶ್ನೆ ಕೇಳಿದರು. ಎಲ್ಲರೆದುರು ಕೇಳಲಾಗದೆ, ಇಶಾ ಆದ ಮೇಲೆ ಒಬ್ಬೊಬ್ಬರೇ ಬಂದವರು ಅದಕ್ಕಿಂತ ಹೆಚ್ಚು. "ಹಜ್ರತ್, ಇದು ಕಾಯಿಲೆನಾ, ಅಸರಾ?" "ಮದುವೆ ಮಾಡಿದ್ರೆ ಸರಿಹೋಗ್ತಾನಂತೆ, ಹೌದಾ?" "ಗುಳಿಗೆ ಶುರು ಮಾಡಿದ್ರೆ ಸಾಯೋತನಕ ನುಂಗ್ಬೇಕಾ?" ಒಬ್ಬ ತಾಯಿ ಬುರ್ಖಾದ ಅಂಚು ಹಿಡಿದುಕೊಂಡು ಕೇಳಿದ್ದು ಒಂದೇ ಮಾತು: "ನನ್ನ ಮಗನಿಗೆ ನಮಾಝ್ ಬಿಟ್ಟುಹೋಗಿದೆ. ಅಲ್ಲಾಹ್ ಅವನನ್ನ ಹಿಡೀತಾನಾ?"

ಆದ್ದರಿಂದ ಈ ಸಂಚಿಕೆಯಲ್ಲಿ ಖುತ್ಬಾದ ಸಾರಾಂಶದ ಬದಲು ಸ್ವಲ್ಪ ಚರಿತ್ರೆ ಬರೆಯುತ್ತಿದ್ದೇವೆ. ಈ ಪ್ರಶ್ನೆಗಳು ಬಂಡೂರಿನಲ್ಲಿ ಹುಟ್ಟಿದವಲ್ಲ. ಸಾವಿರ ವರ್ಷದಿಂದ ಕೇಳುತ್ತ ಬಂದಿರುವಂಥವು. ನಮ್ಮ ಹಿರಿಯರು ಉತ್ತರವನ್ನೂ ಕೊಟ್ಟಿದ್ದಾರೆ. ನಾವೇ ಮರೆತುಬಿಟ್ಟೆವು.

ಮೊದಲು ಆ ತಾಯಿಯ ಪ್ರಶ್ನೆ. ಅಬೂದಾವೂದ್ ಮುಂತಾದ ಗ್ರಂಥಗಳಲ್ಲಿ ಬಂದಿರುವ ಹದೀಸಿನ ಪ್ರಕಾರ ಮೂವರ ಮೇಲೆ ಲೆಕ್ಕ ಬರೆಯುವ ಲೇಖನಿ ನಿಲ್ಲುತ್ತದೆ: ಏಳುವ ತನಕ ಮಲಗಿದವನು, ಪ್ರಾಯಕ್ಕೆ ಬರುವ ತನಕ ಮಗು, ಬುದ್ಧಿ ಮರಳುವ ತನಕ ಬುದ್ಧಿ ತಪ್ಪಿದವನು. ಇದರ ಮೇಲೆಯೇ ಫಿಕ್ಹಿನ ದೊಡ್ಡ ಕಟ್ಟಡ ನಿಂತಿದೆ. ಅಂಥವನ ವ್ಯಾಪಾರ, ತಲಾಖ್, ಸಾಲ, ಎಲ್ಲಕ್ಕೂ ಬೇರೆ ನಿಯಮ. ಅವನ ಆಸ್ತಿ ನೋಡಿಕೊಳ್ಳಲು ವಲೀ ಬೇಕು. ಸೂರಃ ಅನ್ನಿಸಾದ 5ನೆಯ ಆಯತ್ತು ತಿಳಿವು ಸಾಲದವರ ಕೈಗೆ ಆಸ್ತಿ ಒಪ್ಪಿಸಬೇಡಿ ಎನ್ನುತ್ತದೆ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಅದೇ ಆಯತ್ತಿನಲ್ಲಿ ಅವರ ಊಟ, ಬಟ್ಟೆಯ ಜೊತೆಗೆ ಅವರೊಡನೆ ಒಳ್ಳೆಯ ಮಾತಾಡುವ ಆದೇಶವೂ ಇದೆ. ಆಸ್ತಿಯ ಭಾಗ ನಮ್ಮವರಿಗೆ ಚೆನ್ನಾಗಿ ನೆನಪಿರುತ್ತದೆ, ಒಳ್ಳೆಯ ಮಾತಿನ ಭಾಗ ಅಷ್ಟಾಗಿ ನೆನಪಿರುವುದಿಲ್ಲ.

ಅರಬಿಯ ಮಜ್ನೂನ್ ಎಂಬ ಪದ 'ಮುಚ್ಚು' ಎಂಬರ್ಥದ ಧಾತುವಿನಿಂದ ಬಂದದ್ದು. ಜಿನ್ನ್ ಎಂಬ ಪದಕ್ಕೂ ಅದೇ ಮೂಲ. ಅಂದಿನ ಅರಬರಿಗೆ ಬುದ್ಧಿ ಮುಚ್ಚಿಹೋದವನೆಂದರೆ ಜಿನ್ನ್ ಹಿಡಿದವನು. ಮಕ್ಕಾದವರು ಪ್ರವಾದಿಯವರನ್ನೇ(ಸ) ಮಜ್ನೂನ್ ಎಂದು ಹಳಿದರು, ಸೂರಃ ಅಲ್‌ಕಲಮಿನ ಆರಂಭದಲ್ಲೇ ಅಲ್ಲಾಹನು ಅದನ್ನು ತಳ್ಳಿಹಾಕಿದ. ಬೀದಿಯಲ್ಲಿ ಹೋಗುವವನನ್ನು ಹುಚ್ಚ ಎಂದು ಕೂಗುವ ಮಕ್ಕಳನ್ನು ಗದರಿಸುವಾಗ, ಈ ಬೈಗುಳ ಯಾರ ಮೇಲೆಲ್ಲ ಬಿದ್ದಿತ್ತು ಎಂಬುದನ್ನು ಹೇಳಿಕೊಡಿ.

ಅವರು ಅಂಥವರ ಜೊತೆ ಹೇಗೆ ನಡೆದುಕೊಂಡರು? ಸಹೀಹ್ ಮುಸ್ಲಿಮಿನಲ್ಲಿ ಅನಸ್(ರ) ಹೇಳಿದ ಪ್ರಸಂಗವಿದೆ. ಬುದ್ಧಿಯಲ್ಲಿ ಏನೋ ಏರುಪೇರಿದ್ದ ಒಬ್ಬ ಹೆಂಗಸು ಬಂದು, ನಿಮ್ಮಿಂದ ಒಂದು ಕೆಲಸವಾಗಬೇಕಿದೆ ಎಂದಳು. ಮದೀನಾದ ಯಾವ ಬೀದಿಯಲ್ಲಿ ಬೇಕೋ ನೀನೇ ಹೇಳು, ಅಲ್ಲಿಗೆ ಬಂದು ಕೇಳುತ್ತೇನೆ ಎಂದು ಪ್ರವಾದಿ(ಸ) ಅವಳ ಜೊತೆ ಹೋಗಿ, ಅವಳ ಮಾತು ಮುಗಿಯುವವರೆಗೂ ನಿಂತರು. ಮೂರ್ಛೆರೋಗವಿದ್ದ ಇನ್ನೊಬ್ಬ ಹೆಂಗಸಿನ ಹದೀಸ್ ಬುಖಾರಿ ಮುಸ್ಲಿಂ ಎರಡರಲ್ಲೂ ಇದೆ. ಬಿದ್ದಾಗ ಮೈಮೇಲಿನ ಬಟ್ಟೆ ಸರಿದುಹೋಗುತ್ತದೆ ಎಂಬುದೇ ಅವಳ ಸಂಕಟ. ತಾಳ್ಮೆ ವಹಿಸಿದರೆ ಸ್ವರ್ಗ, ಬೇಕಾದರೆ ಗುಣವಾಗಲು ದುಆ ಎಂದಾಗ ಅವಳು ತಾಳ್ಮೆಯನ್ನೇ ಆರಿಸಿಕೊಂಡು, ಬಟ್ಟೆ ಸರಿಯದಿರಲಿ ಎಂದಷ್ಟೇ ದುಆ ಬೇಡಿದಳು. ಕಾಯಿಲೆಯವರ ಮಾನ ಕಾಯುವುದು ಎಷ್ಟು ದೊಡ್ಡದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ಔಷಧ ಮಾಡಿಸಿಕೊಳ್ಳಿ, ಮುಪ್ಪೊಂದನ್ನು ಬಿಟ್ಟು ಎಲ್ಲ ಕಾಯಿಲೆಗೂ ಅಲ್ಲಾಹನು ಮದ್ದು ಇಟ್ಟಿದ್ದಾನೆ ಎಂಬ ಅರ್ಥದ ಹದೀಸೂ ನಿಮಗೆ ಗೊತ್ತಿರುವುದೇ.

ಈ ಕೊನೆಯ ಮಾತನ್ನು ನಂಬಿದವರು ಆಸ್ಪತ್ರೆ ಕಟ್ಟಿದರು. ಅವುಗಳಿಗೆ ಬೀಮಾರಿಸ್ತಾನ್ ಎಂದು ಹೆಸರು. ದಮಾಸ್ಕಸ್ಸಿನಲ್ಲಿ ನೂರುದ್ದೀನ್ ಝಂಗಿ 1154ರಲ್ಲಿ, ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ಕಟ್ಟಿಸಿದವು ಹೆಸರುವಾಸಿ. ಖರ್ಚೆಲ್ಲ ವಕ್ಫ್ ಆಸ್ತಿಯ ಆದಾಯದಿಂದ. ಬುದ್ಧಿ ಕೆಟ್ಟವರಿಗೆ ಬೇರೆ ವಿಭಾಗವಿತ್ತು. ಅಂಗಳದ ನಡುವೆ ನೀರಿನ ಕೊಳ, ಕಾರಂಜಿ. ಉಸ್ಮಾನೀ ಸುಲ್ತಾನ್ ಎರಡನೇ ಬಾಯಝೀದ್ 1488ರಲ್ಲಿ ಎಡಿರ್ನೆಯಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ರೋಗಿಗಳ ಮನಸ್ಸು ಹಗುರವಾಗಲು ಗಾಯಕರು, ವಾದ್ಯಗಾರರು ಬರುತ್ತಿದ್ದರೆಂದು ಪ್ರವಾಸಿ ಎವ್ಲಿಯಾ ಚೆಲೆಬಿ ಬರೆದಿದ್ದಾನೆ.

ಹೊಗಳುವ ಭರದಲ್ಲಿ ಒಂದನ್ನು ಮುಚ್ಚಿಡಬಾರದು. ಆ ಬೀಮಾರಿಸ್ತಾನ್‌ಗಳಲ್ಲೂ ಸರಪಳಿ ಇತ್ತು. 1180ರ ದಶಕದಲ್ಲಿ ಅಂದಲೂಸಿನಿಂದ ಹಜ್ಜಿಗೆ ಹೊರಟ ಇಬ್ನ್ ಜುಬೈರ್, ಕೈರೋ ಆಸ್ಪತ್ರೆಯಲ್ಲಿ ಬುದ್ಧಿ ತಪ್ಪಿದವರ ಕೋಣೆಗಳಿಗೆ ಕಬ್ಬಿಣದ ಸಲಾಕೆಯ ಕಿಟಕಿ ಇದ್ದುದನ್ನೂ, ದಮಾಸ್ಕಸ್ಸಿನಲ್ಲಿ ಅವರನ್ನು ಕಟ್ಟಿಹಾಕಿದ್ದನ್ನೂ ಕಂಡು ಬರೆದಿಟ್ಟಿದ್ದಾನೆ. ಆಗ ಉದ್ರೇಕ ತಗ್ಗಿಸುವ ಗಟ್ಟಿ ಮದ್ದು ಯಾರ ಕೈಯಲ್ಲೂ ಇರಲಿಲ್ಲ. ಇಂದು ಇದೆ. ಇಂದು ಕಟ್ಟಿಹಾಕುವವನಿಗೆ ಆ ನೆಪವಿಲ್ಲ.

ವೈದ್ಯರ ಪೈಕಿ ಇಬ್ಬರನ್ನು ಹೇಳಲೇಬೇಕು. ಕ್ರಿ.ಶ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್‌ಬಲ್ಖೀ ದೇಹ ಮತ್ತು ಮನಸ್ಸಿನ ಆರೋಗ್ಯದ ಮೇಲೆ ಒಂದು ಗ್ರಂಥ ಬರೆದರು. ವೈದ್ಯರು ದೇಹವನ್ನೇ ನೋಡುತ್ತಾರೆ, ಮನಸ್ಸನ್ನು ಬಿಡುತ್ತಾರೆ ಎಂಬುದು ಅವರ ದೂರು. ಕೋಪ, ಭಯ, ದುಃಖ, ವಸ್ವಾಸ್ ಎಂದು ಒಂದೊಂದನ್ನೂ ಬೇರೆ ಬೇರೆ ಬಿಡಿಸಿ ನೋಡಿದರು. ದುಃಖದಲ್ಲೂ ಎರಡು ಬಗೆ ಹೇಳಿದರು: ಕಾರಣ ಗೊತ್ತಿರುವುದು ಒಂದು, ಕಾರಣವೇ ತಿಳಿಯದೆ ಬಂದು ಕೂರುವುದು ಇನ್ನೊಂದು. ಎರಡನೆಯದಕ್ಕೆ ದೇಹದ ಚಿಕಿತ್ಸೆಯೂ ಬೇಕೆಂದರು. "ಅವಳಿಗೇನು ಕಡಿಮೆಯಾಗಿದೆ ಹಜ್ರತ್, ಮನೆಯಿದೆ, ಗಂಡ ಒಳ್ಳೆಯವನು, ಆದರೂ ಅಳುತ್ತಾ ಕೂರ್ತಾಳೆ" ಎಂದು ದೂರುವವರಿಗೆ ಬಲ್ಖೀ ಸಾವಿರ ವರ್ಷದ ಹಿಂದೆಯೇ ಉತ್ತರ ಹೇಳಿದ್ದಾರೆ. ವುಝೂ ಮಾಡಿದ್ದನ್ನೇ ಹತ್ತು ಸಲ ಮಾಡಿ, ಕೈ ಬಿರಿದರೂ ಹೌಝ್ ಬಿಟ್ಟು ಏಳಲಾಗದವರು ನಮ್ಮ ಮಸೀದಿಗಳಲ್ಲೂ ಇದ್ದಾರೆ. ಅದನ್ನು ಹೆಚ್ಚಿನ ತಕ್ವಾ ಎಂದುಕೊಳ್ಳಬೇಡಿ. ಅದು ವಸ್ವಾಸ್, ಅದಕ್ಕೂ ಚಿಕಿತ್ಸೆಯಿದೆ.

ಇನ್ನೊಬ್ಬರು ಇಬ್ನ್ ಸೀನಾ (980-1037). ಅವರ ಬಗ್ಗೆ ನಿಝಾಮಿ ಅರೂಝಿ ಎಂಬ ಪಾರಸಿ ಲೇಖಕ ಹನ್ನೆರಡನೆಯ ಶತಮಾನದಲ್ಲಿ ಹೇಳಿದ ಕಥೆಯೊಂದು ನಮ್ಮ ಊರಿನವರಿಗೆ ಬಹಳ ಹಿಡಿಸುತ್ತದೆ. ಒಬ್ಬ ರಾಜಕುಮಾರನಿಗೆ ತಾನು ಹಸು ಎಂಬ ಭ್ರಮೆ. ಅಂಬಾ ಎಂದು ಕೂಗುವನು, ನನ್ನನ್ನು ಕಡಿದು ಅಡಿಗೆ ಮಾಡಿ ಎನ್ನುವನು, ಊಟ ಮುಟ್ಟುವುದಿಲ್ಲ. ಇಬ್ನ್ ಸೀನಾ ಅವನಿಗೆ ಬುದ್ಧಿ ಹೇಳಲಿಲ್ಲ, ಹೊಡೆಯಲೂ ಇಲ್ಲ. ಕಟುಕ ಬರುತ್ತಿದ್ದಾನೆ ಎಂದು ಹೇಳಿಕಳಿಸಿ, ಕತ್ತಿ ಹಿಡಿದುಕೊಂಡೇ ಬಂದರು. ಅವನನ್ನು ಮಲಗಿಸಿ, ಕೈಕಾಲು ಕಟ್ಟಿಸಿ, ಪಕ್ಕೆ ತಡವಿ ನೋಡಿದರು. ಬಂಡೂರು ಕುರಿ ಕೊಳ್ಳಲು ಬಂದವರು ಬೆನ್ನು ತಡವಿ ನೋಡುತ್ತಾರಲ್ಲ, ಹಾಗೆ. ಇದು ತೀರ ಬಡಕಲು, ಮೊದಲು ಮೇಯಿಸಿ ಕೊಬ್ಬಿಸಿ ಎಂದು ಎದ್ದುಹೋದರು. ಹುಡುಗ ಕೊಬ್ಬುವ ಆಸೆಯಿಂದ ತಿನ್ನತೊಡಗಿದ, ಊಟದ ಜೊತೆ ಮದ್ದೂ ಹೋಯಿತು, ಗುಣವಾದ. ಕಥೆ ನಡೆದದ್ದೋ ಕಟ್ಟಿದ್ದೋ, ಅದರಲ್ಲಿ ಒಂದು ವೈದ್ಯನೀತಿ ಇದೆ: ರೋಗಿಯ ಜೊತೆ ವಾದಕ್ಕೆ ನಿಲ್ಲಬೇಡ, ಅವನ ಹೊಟ್ಟೆಗೆ ಅನ್ನ, ಮದ್ದು ಸೇರುವ ದಾರಿ ಹುಡುಕು.

ನಮ್ಮ ನಾಡಿಗೆ ಬರೋಣ. ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲೇ ಹುಚ್ಚಾಸ್ಪತ್ರೆ ಶುರುವಾಯಿತು. ಧಾರವಾಡದಲ್ಲೂ ಅದೇ ಕಾಲದ ಹೊತ್ತಿಗೆ ಒಂದಿತ್ತು. ಮೈಸೂರು ಸಂಸ್ಥಾನ 1925ರಲ್ಲಿ ಬೆಂಗಳೂರಿನದರ ಹೆಸರು ಬದಲಿಸಿ ಮಾನಸಿಕ ಆಸ್ಪತ್ರೆ ಎಂದು ಕರೆಯಿತು. ಹೆಸರಿನಲ್ಲೇನಿದೆ ಎನ್ನಬೇಡಿ. ಬೀಗ ಹಾಕಿ ಕೂಡಿಡುವ ಜಾಗ ಅಂದಿನಿಂದ ಗುಣಪಡಿಸುವ ಜಾಗವಾಗಬೇಕು ಎಂಬ ತೀರ್ಮಾನ ಅದರಲ್ಲಿತ್ತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ (1926-1941) ಆಸ್ಪತ್ರೆ ಪೇಟೆಯ ಗದ್ದಲ ಬಿಟ್ಟು ಲಕ್ಕಸಂದ್ರದ ಬಯಲಿನ ಹೊಸ ಕಟ್ಟಡಗಳಿಗೆ ಹೋಯಿತು. 1954ರಲ್ಲಿ ಅದರ ಮಗ್ಗುಲಲ್ಲೇ ವೈದ್ಯರನ್ನು ತಯಾರು ಮಾಡುವ ಅಖಿಲ ಭಾರತ ಸಂಸ್ಥೆ ಬಂತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು.

ಮದ್ದಿನ ಕಥೆಯಲ್ಲೂ ನಮ್ಮವರ ಕೈಯಿದೆ. ಉತ್ತರ ಭಾರತದಲ್ಲಿ ಸರ್ಪಗಂಧಿಯ ಬೇರನ್ನು ಪಾಗಲ್ ಕೀ ದವಾ ಎಂದೇ ಕರೆಯುತ್ತಿದ್ದರು. ಹಕೀಮ್ ಅಜ್ಮಲ್ ಖಾನರ ದಿಲ್ಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಝ್ಝಮಾನ್ ಸಿದ್ದೀಕಿ ಆ ಬೇರನ್ನು ಶೋಧಿಸಿ, 1931ರಲ್ಲಿ ಅದರ ಒಂದು ಸಾರ ಬೇರ್ಪಡಿಸಿ ಹಕೀಮರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ಅದು ಹೃದಯದ ಮದ್ದಾಯಿತು. ಅದೇ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೆಗೆದ ರೆಸರ್ಪಿನ್ ಮನೋರೋಗಕ್ಕೆ ಬಳಕೆಯಾಯಿತು. ಕ್ಲೋರ್‌ಪ್ರೊಮಝೀನ್ ಪ್ಯಾರಿಸ್ಸಿನ ಆಸ್ಪತ್ರೆಗೆ ಬಂದದ್ದೂ ಅದೇ ವರ್ಷ. ಸರಪಳಿಗೆ ಬದಲಾಗಿ ಗುಳಿಗೆ ಬಂದದ್ದು ಆಗ.

ಅದೇ 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಮನೆಯವರು ಪಕ್ಕದಲ್ಲಿದ್ದರೆ ಬೇಗ ಗುಣವೆಂದು ಕಂಡಿತು. 1970ರ ದಶಕದಲ್ಲಿ ನಮ್ಮ ಕರಾವಳಿಯ ಕೋಟದಲ್ಲಿ ಡಾ. ಆರ್. ಎಲ್. ಕಪೂರ್ ಮತ್ತು ಕಾರ್‌ಸ್ಟೇರ್ಸ್ ಮನೆಮನೆ ತಿರುಗಿ ಜನರ ಮನಸ್ಸಿನ ತೊಂದರೆ ವಿಚಾರಿಸಿದರು. ಜನ ವೈದ್ಯರ ಹತ್ತಿರವೂ ಹೋಗುತ್ತಿದ್ದರು, ಮಂತ್ರವಾದಿ, ಪಾತ್ರಿಗಳ ಹತ್ತಿರವೂ ಹೋಗುತ್ತಿದ್ದರು. ಗಾಳಿ, ಸೋಂಕು ಎಂದು ಅವರು ಕರೆದದ್ದನ್ನು ನಾವು ಸಾಯಾ, ಅಸರ್ ಎನ್ನುತ್ತೇವೆ, ಅಷ್ಟೇ ವ್ಯತ್ಯಾಸ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಈ ಕಾಯಿಲೆಗಳ ತರಬೇತಿ ಕೊಟ್ಟು ನೋಡಿದರು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಇಷ್ಟೆಲ್ಲ ಆದ ಮೇಲೂ ಎರ್ವಾಡಿ ನಡೆಯಿತು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಆ ದರ್ಗಾಕ್ಕೆ ದೂರದೂರದಿಂದ ಬುದ್ಧಿ ತಪ್ಪಿದವರನ್ನು ಕರೆತರುತ್ತಿದ್ದರು. ಸುತ್ತ ಖಾಸಗಿಯವರು ಹಣಕ್ಕೆ ಕೊಟ್ಟಿಗೆಗಳನ್ನು ತೆರೆದಿದ್ದರು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದವರು ಸರಪಳಿಯಲ್ಲಿದ್ದರು. ಓಡಲಾಗಲಿಲ್ಲ. 28 ಮಂದಿ ಸತ್ತರು. ಅವರನ್ನು ಬಿಟ್ಟುಹೋದವರು ಶತ್ರುಗಳಲ್ಲ, ಶಿಫಾ ಸಿಗಲಿ ಎಂದು ಅತ್ತುಕೊಂಡು ಬಿಟ್ಟುಹೋದ ತಾಯಿತಂದೆ, ಅಣ್ಣತಮ್ಮಂದಿರು. ಸುಪ್ರೀಂ ಕೋರ್ಟು ತಾನೇ ಪ್ರಕರಣ ಕೈಗೆತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೆಯ ಕಲಮು ಮನೋರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟಬಾರದು ಎನ್ನುತ್ತದೆ.

ಬೇರೆ ದಾರಿಯೂ ಇದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದವಾ ಔರ್ ದುಆ ಎಂಬ ಕಾರ್ಯಕ್ರಮ ಶುರುವಾಯಿತು. ಮುಜಾವರರೇ ರೋಗಲಕ್ಷಣ ಗುರುತಿಸಲು ಕಲಿತರು. ದುಆ ಮಾಡಿ, ಅಲ್ಲೇ ಕೂತ ವೈದ್ಯರ ಬಳಿ ಕಳಿಸುತ್ತಾರೆ. ಮುಜಾವರ್ ಹೇಳಿದರೆ ಜನ ಗುಳಿಗೆ ನುಂಗುತ್ತಾರೆ.

ಇದನ್ನು ಬರೆಯುವ ನಮಗೆ ಒಂದು ತಪ್ಪೊಪ್ಪಿಗೆಯೂ ಇದೆ. ಇಮಾಮತ್ತಿನ ಮೊದಲ ವರ್ಷಗಳಲ್ಲಿ ಒಂದು ಮನೆಯವರು ಹೊಸ ಬಾಣಂತಿಯನ್ನು ಕರೆತಂದರು. ಹೆತ್ತು ಹತ್ತು ದಿನವೂ ಆಗಿರಲಿಲ್ಲ. ನಿದ್ದೆಯಿಲ್ಲ, ಒಬ್ಬಳೇ ಮಾತು, ಮಗುವನ್ನು ಕಂಡರೆ ಹೆದರಿಕೆ. ನಾವು ಓದಿ ಊದಿದೆವು, ತಾವೀಝ್ ಬರೆದುಕೊಟ್ಟೆವು, ನಲವತ್ತು ದಿನ ನೋಡಿ ಎಂದೆವು. ಮೂರನೆಯ ವಾರ ಅವಳು ಮಗುವಿನೊಡನೆ ನಾಲೆಯ ಕಡೆ ಹೊರಟಿದ್ದಳು. ಹುಲ್ಲು ಹೊರುತ್ತಿದ್ದ ಗೌಡರ ಮನೆಯ ಹೆಂಗಸೊಬ್ಬಳು ಕೈಹಿಡಿದು ನಿಲ್ಲಿಸಿದಳು. "ಬಾಣಂತಿ ಸನ್ನಿ ಕಣ್ರೋ ಇದು, ಆಸ್ಪತ್ರೆಗೆ ಕರ್ಕೊಂಡ್ ಹೋಗ್ರೋ" ಎಂದು ಬೈದವಳೂ ಅವಳೇ. ಮದರಸಾ ಓದಿ, ಬಿ.ಎ. ಮಾಡಿದ ನಮಗೆ ತಿಳಿಯದ್ದು ಅವಳಿಗೆ ತಿಳಿದಿತ್ತು. ಆಸ್ಪತ್ರೆಗೆ ಸೇರಿಸಿದ ಮೇಲೆ ಹುಡುಗಿ ಗುಣವಾದಳು. ಅಂದಿನಿಂದ ನಾವು ನಲವತ್ತು ದಿನದ ಮಾತು ಆಡಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಗಳಿಗೆ ನೇರವಾಗಿ ಹೇಳುತ್ತೇವೆ. ಜಿನ್ನ್ ಇವೆ ಎಂದು ಕುರ್‌ಆನ್ ಹೇಳುತ್ತದೆ, ನಂಬುತ್ತೇವೆ. ಆದರೆ ಈ ಹುಡುಗನ ತೊಂದರೆ ಜಿನ್ನಿನದೇ ಎಂದು ಬೆರಳು ತೋರುವ ಇಲ್ಮ್ ನಮಗಿಲ್ಲ, ನಿಮ್ಮಿಂದ ಐದು ಸಾವಿರ ಕೇಳುವ ಆಮಿಲನಿಗೂ ಇಲ್ಲ. ಫಾತಿಹಾ, ಆಯತುಲ್ ಕುರ್ಸಿ ಓದಿ ಊದಿ. ಅದಕ್ಕೆ ದುಡ್ಡು ಬೇಡ, ಗುಳಿಗೆ ನಿಲ್ಲಿಸುವುದೂ ಬೇಡ. ಮದುವೆ ಮದ್ದಲ್ಲ. ಕಾಯಿಲೆ ಮುಚ್ಚಿಟ್ಟು ನಿಕಾಹ್ ಮಾಡುವುದು ಬೇರೆಯವರ ಹೆಣ್ಣುಮಗಳಿಗೆ ಮಾಡುವ ಮೋಸ. ಕಾಯಿಲೆಯನ್ನು ಹೇಳಿ, ಚಿಕಿತ್ಸೆ ನಡೆಯುತ್ತಿರುವಾಗ ಮಾಡಿದ ಮದುವೆಗಳು ಚೆನ್ನಾಗಿ ನಡೆದದ್ದನ್ನೂ ನೋಡಿದ್ದೇವೆ. ಗುಳಿಗೆ ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕಾಗುತ್ತದೆ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಯಾರೂ ನಾಚಿಕೊಂಡು ನುಂಗುವುದಿಲ್ಲವಲ್ಲ. ಚೆನ್ನಾಗಿದ್ದೇನೆ ಎಂದು ತಾವಾಗಿಯೇ ನಿಲ್ಲಿಸಿದವರಲ್ಲಿ ಕಾಯಿಲೆ ಮರಳುವುದೇ ಹೆಚ್ಚು. ರಮಝಾನಿಗೆ ಮುಂಚೆಯೇ ವೈದ್ಯರನ್ನು ಕೇಳಿ. ಹೆಚ್ಚಿನ ಗುಳಿಗೆಗಳನ್ನು ಇಫ್ತಾರ್, ಸಹರಿಗೆ ಹೊಂದಿಸಬಹುದು. ಲಿಥಿಯಂ ನುಂಗುವವರು ಮಾತ್ರ ನೀರಿಲ್ಲದೆ ಇರುವುದು ಅಪಾಯ, ಅವರು ಕೇಳದೆ ಉಪವಾಸ ಹಿಡಿಯಬಾರದು. ಕಾಯಿಲೆಯವನಿಗೆ ರಿಯಾಯಿತಿ ಕೊಟ್ಟವನು ಅಲ್ಲಾಹನೇ.

ಜೀವ ಬೇಡವೆಂದವರು, ಹೊಸ ಬಾಣಂತಿಯರು, ಇವರ ವಿಷಯದಲ್ಲಿ ಒಂದು ದಿನವೂ ಕಾಯಬೇಡಿ. ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಆಸ್ಪತ್ರೆಗೆ ಒಯ್ಯದವರಿದ್ದಾರೆ. ಅದೇ 2017ರ ಕಾಯ್ದೆಯ 115ನೆಯ ಕಲಮು ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಶಿಕ್ಷೆ ಕೂಡದು ಎನ್ನುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡಬಹುದು, ಕಾಸಿಲ್ಲ, ರಾತ್ರಿಯೂ ಎತ್ತುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಉಂಟು, ಮಳವಳ್ಳಿಯಲ್ಲಿ ವಿಚಾರಿಸಿಕೊಂಡು ಹೋಗಿ. ದೊಡ್ಡ ತೊಂದರೆಯಾದರೆ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಕೊನೆಗೆ ನಿಮ್ಹಾನ್ಸ್. ಒಬ್ಬರೇ ಹೋಗಲು ಅಳುಕಾದರೆ ಸೋಮವಾರ ಇಶಾದ ಹೊತ್ತಿಗೆ ನಮಗೆ ಹೇಳಿ. ಬೆಳಗಿನ ಬಸ್ಸಿಗೆ ನಾವೂ ಬರುತ್ತೇವೆ.